ಹುಳು ಭಾಗ್ಯ

2024ರ ಮೇ ತಿಂಗಳ ಮೊದಲ ವಾರ. ರಾತ್ರಿ ಹನ್ನೊಂದಾದರೂ ಶೀಟಿನ ಮನೆಯೊಳಗೆ ಕಾದ ಹೆಂಚಿನ ಮೇಲೆ ಕೂತ ಹಾಗಿತ್ತು. ಚನ್ನಪಟ್ಟಣದಿಂದ ಕಣ್ವದ ಕಡೆ ಹೊರಟರೆ ಸಿಗುವ ನಮ್ಮೂರಲ್ಲಿ ಕರೆಂಟು ಹೋಗಿ ಎರಡು ಗಂಟೆಯಾಗಿತ್ತು. ಚಿಕ್ಕಪ್ಪನಿಗೆ ಮೈ ಸುಡುವ ಜ್ವರ. ಹೊರಳಿ ಹೊರಳಿ ಸಾಕಾಗಿ, ಚಾಪೆ ಸುತ್ತಿಕೊಂಡು ಹುಳದ ಮನೆ ಕಡೆಗೆ ಹೊರಟ. ನಮ್ಮ ಕೇರಿಗೆಲ್ಲ ತಣ್ಣಗಿರುವ ಜಾಗ ಅದೊಂದೇ. ಬಾಗಿಲಲ್ಲೇ ಚಿಕ್ಕವ್ವ ಅಡ್ಡ ನಿಂತಳು.

"ಎಲ್ಲಿಗೆ?"

"ಜ್ವರ ಕಣೆ. ಒಂದ್ ಗಳಿಗೆ ಒಳಗೆ ಬಿದ್ಕತೀನಿ."

"ಹುಳ ನಾಕ್ನೇ ಜ್ವರಕ್ಕೆ ಕೂತವೆ. ನಿಮ್ ಜ್ವರ ತಕ್ಕೊಂಡು ಜಗಲಿ ಮ್ಯಾಲೆ ಹೋಗಿ."

ಪೇಟೆಯ ಓದುಗರಿಗೆ ಒಂದು ಮಾತು. ರೇಷ್ಮೆ ಹುಳು ಇಪ್ಪತ್ತೈದು ದಿನದ ಬಾಳಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನೆ ಕೂತಿರುತ್ತದೆ. ನಮ್ಮ ಕಡೆ ಅದಕ್ಕೆ 'ಜ್ವರಕ್ಕೆ ಕೂತಿದೆ' ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ಲೆಕ್ಕ. ಆ ಹೊತ್ತಿನಲ್ಲಿ ತಟ್ಟೆ ಅಲುಗಾಡಿಸುವಂತಿಲ್ಲ, ತೇವ ಇರುವಂತಿಲ್ಲ, ಸುಣ್ಣದ ಪುಡಿ ಉದುರಿಸಬೇಕು, ಗಾಳಿ ಆಡಬೇಕು. ಜ್ವರ ಎದ್ದ ಮೇಲೆ ಮತ್ತೆ ಒದ್ದೆ ಗೋಣಿ ಕಟ್ಟಬೇಕು. ಚಿಕ್ಕವ್ವನಿಗೆ ಇದೆಲ್ಲ ಬಾಯಿಪಾಠ. ಗಂಡನ ಜ್ವರ ಎಷ್ಟನೆಯದು ಎಂದು ಕೇಳಿದರೆ ಮಾತ್ರ ಅವಳ ಹತ್ತಿರ ಲೆಕ್ಕವಿಲ್ಲ. ಸರ್ಕಾರದ ಹತ್ತಿರವೂ ಇರಲಾರದು.

ಜಗಲಿಯ ಮೇಲೆ ಚಿಕ್ಕಪ್ಪನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಾಗಲೇ ನನಗೆ ತಿಳುವಳಿಕೆ ಬಂದದ್ದು. ಹವಾಮಾನ ಬದಲಾದರೆ ಒಂದು ಜೀವವನ್ನು ಕಾಪಾಡುವುದು ಹೇಗೆ ಎಂಬುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನಕ್ಕೆ ಯಾರೂ ಬಂದು ಹೇಳಿಕೊಡಬೇಕಾಗಿಲ್ಲ. ತಲೆಮಾರುಗಳಿಂದ ಕಾಪಾಡಿಕೊಂಡೇ ಬಂದಿದ್ದೇವೆ. ಒಂದೇ ತೊಡಕು, ಆ ಜೀವ ಹುಳುವಾಗಿರಬೇಕು.

ಹುಳುವಿನ ಸವಲತ್ತು ನೋಡಿ. ಎಳೆಯ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ. ದೊಡ್ಡ ಹುಳುವಿಗೆ 24, 25. ತೇವಾಂಶ ಎಳೆಯದರಲ್ಲಿ 80ರ ಮೇಲೆ, ಕೊನೆಗೆ 70. ಗೋಡೆಗೆ ಉಷ್ಣಮಾಪಕ ನೇತುಹಾಕಿರುತ್ತಾರೆ. ಮನುಷ್ಯರು ಮಲಗುವ ಕೋಣೆಯಲ್ಲಿ ಆ ಜಾಗದಲ್ಲಿ ಸಹಕಾರ ಸಂಘದ ಕ್ಯಾಲೆಂಡರ್ ಇರುತ್ತದೆ. ಚಾವಣಿ ಮೇಲೆ ತೆಂಗಿನ ಗರಿ, ಸುತ್ತ ಮರದ ನೆರಳು. ಮನೆ ಕಟ್ಟಲು ರೇಷ್ಮೆ ಇಲಾಖೆಯ ಸಹಾಯಧನ ಉಂಟು. ಒಳಗೆ ಹೋಗುವವರು ಕೈ ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಬೇಕು. ಹಾಸಿಗೆಗೆ ಉದುರಿಸಲು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ 'ವಿಜೇತ', 'ಅಂಕುಶ' ಎಂಬ ಪುಡಿಗಳಿವೆ. ಒಂದು ತಟ್ಟೆಯಲ್ಲಿ ಇಷ್ಟೇ ಹುಳು ಎಂಬ ನಿಯಮವಿದೆ; ದಟ್ಟಣೆಯಾದರೆ ರೋಗ. ಬೆಳಗ್ಗೆ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ನಿಂತವರು ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ.

1980ರಲ್ಲಿ ಊಜಿ ನೊಣ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂದಿಳಿಯಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣ. ಹುಳದ ಮನೆಗಳ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಬಂತು. ಇವತ್ತು ನಮ್ಮೂರಲ್ಲಿ ಬಲೆ ಇಲ್ಲದ ಹುಳದ ಮನೆ ತೋರಿಸಿದರೆ ನಾನು ಬರೆಯುವುದನ್ನು ಬಿಡುತ್ತೇನೆ. ಅದೇ ಮನೆಯ ಮಕ್ಕಳು ಮಲಗುವ ಕೋಣೆಯ ಕಿಟಕಿಗೆ ಬಲೆ ಇರುವುದನ್ನು ತೋರಿಸಿದರೂ ಬಿಡುತ್ತೇನೆ.

ಇನ್ನು ತಾಯಿಯ ತಪಾಸಣೆ. ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಅದರ ಮೊಟ್ಟೆಗಳೆಲ್ಲ ಬೆಂಕಿಗೆ. ಇದು 1865ರ ನಂತರ ಲೂಯಿ ಪಾಶ್ಚರ್ ಫ್ರಾನ್ಸಿನ ದಕ್ಷಿಣಕ್ಕೆ ಹೋಗಿ ರೇಷ್ಮೆ ಬೆಳೆಗಾರರ ಗೋಳು ನೋಡಿ ಕಂಡುಕೊಂಡ ಉಪಾಯ. ರೋಗಕ್ಕೆ ಕಣ್ಣಿಗೆ ಕಾಣದ ಜೀವಿ ಕಾರಣ ಎಂಬ ಅವನ ನಂಬಿಕೆ ಆ ಹುಳುಗಳ ನಡುವೆ ಗಟ್ಟಿಯಾಯಿತು. ಅದರಿಂದ ಇಡೀ ಮನುಕುಲದ ವೈದ್ಯಕ್ಕೆ ದಾರಿಯಾಯಿತು. ಅಂದರೆ ಹುಳುವಿನಿಂದ ಕಲಿತದ್ದನ್ನು ಮನುಷ್ಯನಿಗೆ ಬಳಸುವುದರಲ್ಲಿ ತಪ್ಪೇನೂ ಇಲ್ಲ, ಹಿಂದೆ ಮಾಡಿದ್ದಾರೆ. ನಮ್ಮಲ್ಲಿ ರೋಗವಿಲ್ಲದ ಮೊಟ್ಟೆಯನ್ನೇ ಮಾರಬೇಕೆಂದು 1959ರಲ್ಲೇ ಕಾಯ್ದೆಯಾಗಿದೆ. ರೋಗವಿಲ್ಲದ ನೀರನ್ನೇ ಬಿಡಬೇಕೆಂದು ಅಷ್ಟೇ ಖಡಕ್ಕಾಗಿ ಜಾರಿಯಾದ ಕಾಯ್ದೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಮನುಷ್ಯನ ಕಡೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2008ರ ಏಪ್ರಿಲ್ 7ರ ಆರೋಗ್ಯ ದಿನಕ್ಕೆ ಕೊಟ್ಟ ಘೋಷಣೆಯೇ ಹವಾಮಾನ ಬದಲಾವಣೆಯಿಂದ ಆರೋಗ್ಯವನ್ನು ಕಾಪಾಡುವುದು. ಆಗ ರಾಮನಗರ ಜಿಲ್ಲೆ ಹುಟ್ಟಿ ಎಂಟು ತಿಂಗಳೂ ತುಂಬಿರಲಿಲ್ಲ. ಹಾಗಾಗಿ ನಮ್ಮ ಜಿಲ್ಲೆಯೂ ಈ ಘೋಷಣೆಯೂ ಒಂದೇ ಓರಗೆಯವು, ಜೊತೆಯಲ್ಲೇ ಆಡಿ ಬೆಳೆದವು. 2019ರಲ್ಲಿ ಕೇಂದ್ರ ಸರ್ಕಾರ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಎಂದು ಶುರು ಮಾಡಿತು. ಅದರ ಪ್ರಕಾರ ರಾಜ್ಯಕ್ಕೊಂದು ಕ್ರಿಯಾಯೋಜನೆ, ಜಿಲ್ಲೆಗೊಂದು ಕಾರ್ಯಪಡೆ, ಒಬ್ಬ ನೋಡಲ್ ಅಧಿಕಾರಿ. 'ನೋಡಲ್' ಎಂಬುದು ಇಂಗ್ಲಿಷ್ ಪದವೆಂದು ನನಗೆ ತಡವಾಗಿ ಗೊತ್ತಾಯಿತು. 'ನೋಡಲ್ಲ' ಎಂಬುದರ ಸಂಕ್ಷಿಪ್ತ ರೂಪ ಎಂದುಕೊಂಡಿದ್ದೆ.

ಬಿಸಿಲಿನ ವಿಚಾರದಲ್ಲಿ ಸರ್ಕಾರದ ವ್ಯಾಕರಣ ಬಹಳ ಕಟ್ಟುನಿಟ್ಟು. ಬಯಲುಸೀಮೆಯಲ್ಲಿ ಉಷ್ಣಾಂಶ 40 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಆಗ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಬಿಸಿಗಾಳಿ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಆಯಿತು, ಐಟಿ ಕಂಪನಿಯವರೂ ಮಜ್ಜಿಗೆ ಹುಡುಕಿಕೊಂಡು ಹೊರಟರು. ಆದರೂ ಅದು ಬಿಸಿಗಾಳಿಯಲ್ಲ, ಬರೀ ಬಿಸಿ. ನಮ್ಮ ಕಡೆ 39 ದಾಟಿ ಒಬ್ಬ ಮುದುಕ ತೆಂಗಿನ ಬುಡದಲ್ಲಿ ಕುಸಿದು ಕೂತರೆ ಅವನು ವ್ಯಾಕರಣ ತಪ್ಪಿ ಕೂತ ಎಂದೇ ಅರ್ಥ. ಹುಳುವಿಗೆ 30 ದಾಟಿದರೆ ಮೇವು ಬಿಡುತ್ತದೆ, ಸಪ್ಪೆರೋಗ ಬರುತ್ತದೆ ಎಂದು ಕರಪತ್ರವಿದೆ.

ಕಲಬುರಗಿ, ಬೆಳಗಾವಿ ವಿಭಾಗದಲ್ಲಿ ಬೇಸಿಗೆ ಬಂದರೆ ಉದ್ಯೋಗ ಖಾತರಿ ಕೂಲಿಯವರಿಗೆ ಕೆಲಸದ ಪ್ರಮಾಣದಲ್ಲಿ ಶೇ 30ರಷ್ಟು ರಿಯಾಯಿತಿ ಕೊಡುತ್ತಾ ಬಂದಿದ್ದರು. ಸರಿಯೇ; ಅಲ್ಲಿನ ಬಿಸಿಲು ಬಿಸಿಲೇ. ನಾವು ಬೆಂಗಳೂರು ವಿಭಾಗದವರು. ಇಲ್ಲಿನ ಸೂರ್ಯ ಬೆಂಗಳೂರಿನವನಾದ್ದರಿಂದ ತಂಪುಗಾರ ಎಂಬ ಹಳೆಯ ನಂಬಿಕೆಯಲ್ಲೇ ಕಡತಗಳು ಓಡಾಡುತ್ತವೆ. ಕನಕಪುರ ತಾಲ್ಲೂಕಿನ ಬಂಡೆ ಒಡೆಯುವ ಜಾಗದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಸುತ್ತಿಗೆ ಹಿಡಿದು ನಿಂತವನಿಗೆ ತಾನು ಯಾವ ಕಂದಾಯ ವಿಭಾಗದಲ್ಲಿದ್ದೇನೆ ಎಂಬ ಜ್ಞಾನ ಇಲ್ಲದಿರುವುದೇ ಅವನ ಸುಸ್ತಿಗೆ ಕಾರಣ.

ದೇಶದ ವಿಪತ್ತು ಪರಿಹಾರ ನಿಧಿಯ ನಿಯಮ ಇನ್ನೂ ಚೆಂದ. 2021ರಿಂದ 26ರ ಅವಧಿಗೆ ಅದರಲ್ಲಿ 12 ವಿಪತ್ತುಗಳ ಪಟ್ಟಿಯಿತ್ತು. ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಬಿಸಿಗಾಳಿ ಇರಲಿಲ್ಲ. ಚಳಿಗೆ ನಡುಗಿ ಸತ್ತರೆ ಕುಟುಂಬಕ್ಕೆ 4 ಲಕ್ಷ ಪರಿಹಾರದ ದಾರಿಯಿತ್ತು. ಬಿಸಿಲಿಗೆ ಬೆಂದು ಸತ್ತವನು ಆ ದಾರಿಯಲ್ಲಿ ಬರುವಂತಿರಲಿಲ್ಲ. ಮಾಗಡಿಯ ಜನ ಸುನಾಮಿಗೆ ಕಾಯುತ್ತಾ ಕೂರುವುದೇ ಲಾಭ. ಪಟ್ಟಿಯಲ್ಲಿ ಕೀಟವಿತ್ತು, ಗಮನಿಸಿ. ಹುಳುವಿಗೆ ಎಲ್ಲ ಕಡೆಯೂ ಜಾಗವಿದೆ.

ಬಿಸಿಲಿಗೆ ಮದ್ದು ಕೂಡ ಕೊಟ್ಟಿದ್ದಾರೆ, ಇಲ್ಲವೆನ್ನಬಾರದು. ಮಧ್ಯಾಹ್ನ 12ರಿಂದ 3ರವರೆಗೆ ಆಚೆ ಹೋಗಬೇಡಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ನೀರು ಕುಡಿಯಿರಿ. ಒಳ್ಳೆಯ ಮಾತುಗಳೇ. ರಾಮನಗರದ ಬಿಚ್ಚಾಣಿಕೆ ಘಟಕಕ್ಕೆ ಹೋಗಿ ಇದನ್ನು ಓದಿ ಹೇಳಿ ನೋಡಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆಯಿಂದ ಬಂದ ಗೂಡು ಅಲ್ಲಿ ಕುದಿಯುವ ನೀರಿಗೆ ಬೀಳುತ್ತದೆ. ತಗಡಿನ ಸೂರು, ಪಕ್ಕದಲ್ಲಿ ಒಲೆ, ಕಣ್ಣಿಗೆ ಹಬೆ, ಮೂಗಿಗೆ ಬೆಂದ ಹುಳದ ನಾತ. ಹೆಂಗಸರು ಆ ಬಿಸಿ ನೀರಿನಲ್ಲಿ ಕೈಯಾಡಿಸಿ ಎಳೆಯ ತುದಿ ಹುಡುಕುತ್ತಾರೆ. ಬೆರಳ ತುದಿ ಬೆಳ್ಳಗೆ ಸುಲಿದಿರುತ್ತದೆ. 'ಆಚೆ ಹೋಗಬೇಡಿ' ಎಂದರೆ ಅವರು ನಗುತ್ತಾರೆ. ಅವರಿಗೆ ಆಚೆಯೇ ತಂಪು.

ಊರಿನ ಗುಣವೂ ಹಾಗೇ. ಇಲ್ಲಿನ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟು, 250 ಕೋಟಿ ವರ್ಷದ ಬಂಡೆ. ಹಗಲೆಲ್ಲ ಕಾದು, ರಾತ್ರಿ ನಿಧಾನವಾಗಿ ಕಾವು ಬಿಡುತ್ತದೆ. ಮೊದಲು ನಡುವೆ ಮರ, ಕೆರೆ ಇದ್ದವು, ಆ ಕಾವನ್ನು ಕುಡಿದುಕೊಳ್ಳುತ್ತಿದ್ದವು. ಈಗ ನಡುವೆ ನಿವೇಶನ ಇದೆ.

ಕ್ಲೋಸ್‌ಪೇಟೆ ಎಂದೆನಲ್ಲ, ಅದು ರಾಮನಗರದ ಹಳೆಯ ಹೆಸರು, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ನೆನಪಿಗೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಲ್ಲಿ ಒಂದು ಆರೋಗ್ಯ ಘಟಕ ತೆರೆಯಿತು. ಹಳ್ಳಿಯ ಹೆರಿಗೆ, ಕಕ್ಕಸು, ಸೊಳ್ಳೆ, ಕುಡಿಯುವ ನೀರು, ಇವನ್ನೆಲ್ಲ ಒಟ್ಟಿಗೆ ನೋಡುವುದು ಹೇಗೆ ಎಂದು ಕಲಿಯಲು ಸಿಬ್ಬಂದಿ ಇಲ್ಲಿಗೆ ಬರುತ್ತಿದ್ದರು. ಭೋರ್ ಸಮಿತಿ 1946ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಾತು ಎತ್ತುವ ಮೊದಲೇ ನಮ್ಮ ಊರು ದೇಶಕ್ಕೆ ಪಾಠ ಹೇಳುತ್ತಿತ್ತು. ಆಮೇಲೆ ನಾವು ಮುಂದುವರಿದೆವು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಬೆಂಗಳೂರಿನಿಂದ ರಾಮನಗರಕ್ಕೆ ತರುವ ಮಾತು 2006-07ರ ಹೊತ್ತಿಗೆ ಶುರುವಾಯಿತು. ಜಾಗ ಗೊತ್ತಾಯಿತು, ಕಲ್ಲು ನೆಟ್ಟಿತು, ಕೋರ್ಟು ಬಂತು, ಒಂದೂವರೆ ದಶಕ ಕಳೆಯಿತು. ಆರೋಗ್ಯ ಹಾಗೆಲ್ಲ ಓಡಿಬರುವ ವಸ್ತುವಲ್ಲ. 2023ರ ಸೆಪ್ಟೆಂಬರಿನಲ್ಲಿ ಮೆಡಿಕಲ್ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು ರಾಮನಗರ ಬಂದ್ ಆಯಿತು. ಅಂಗಡಿ ಮುಚ್ಚಿ, ಧಿಕ್ಕಾರ ಕೂಗಿ ದಣಿದವರಿಗೆ ಚಿಕಿತ್ಸೆ ಬೇಕಾದರೆ ಎಂದಿನಂತೆ ಬೆಂಗಳೂರು ಇದ್ದೇ ಇತ್ತು.

ಬೆಂಗಳೂರು ಎಂದಾಗ ಒಂದು ಸಮಾಧಾನ ಹೇಳಲೇಬೇಕು. 2025ರ ಮೇ 22ರಂದು ಸಚಿವ ಸಂಪುಟ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿತು. 1980ರಲ್ಲಿ ಹುಟ್ಟಿದ ನಮ್ಮೂರಿನವನೊಬ್ಬ ಮನೆಯ ಹೊಸ್ತಿಲು ದಾಟದೆ ನಾಲ್ಕು ಜಿಲ್ಲೆ ಸುತ್ತಿದ್ದಾನೆ: ಬೆಂಗಳೂರು, ಬೆಂಗಳೂರು ಗ್ರಾಮಾಂತರ, ರಾಮನಗರ, ಈಗ ಬೆಂಗಳೂರು ದಕ್ಷಿಣ. ಹುಳುವಿನ ಹಾಗೇ ಮೂರು ಸಲ ಪೊರೆ ಬಿಟ್ಟು ಜ್ವರ ಎದ್ದಾಯಿತು. ಬದಲಾದ ಹವಾಮಾನಕ್ಕೆ ನಮ್ಮ ಉತ್ತರ ಇದೇ: ಅದು ಬದಲಾದರೆ ನಾವೂ ಹೆಸರು ಬದಲಾಯಿಸುತ್ತೇವೆ. ನಿವೇಶನದ ಬೆಲೆ ಬಿಸಿಗಾಳಿಗಿಂತ ಮೊದಲೇ 40 ದಾಟಿತು.

ಹೆಸರು ಬರುವುದಕ್ಕೂ ಬಹಳ ಮುಂಚೆ ಬೆಂಗಳೂರು ನಮಗೆ ವೃಷಭಾವತಿಯನ್ನು ಕಳಿಸಿಕೊಟ್ಟಿತ್ತು. ರಾಜಧಾನಿಯ ಕೊಳಚೆಯೆಲ್ಲ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಂದು ನೊರೆಯಾಗಿ ನಿಂತು, ಮುಂದೆ ಅರ್ಕಾವತಿ ಸೇರಿ, ಕನಕಪುರವನ್ನು ಹಾದು ಸಂಗಮದಲ್ಲಿ ಕಾವೇರಿಯಾಗುತ್ತದೆ. ಬರಗಾಲದಲ್ಲಿ ಎಲ್ಲ ಹೊಳೆ ಬತ್ತಿದರೂ ಇದು ಬತ್ತುವುದಿಲ್ಲ. ಬೆಂಗಳೂರಿನವರು ಸ್ನಾನ ಮಾಡುವುದನ್ನು ಬಿಡುವವರೆಗೆ ನಮಗೆ ನೀರಿನ ಅಭಾವವಿಲ್ಲ. ಅದೇ ಸಂಗಮದಿಂದ 2022ರ ಜನವರಿ 9ರಂದು ಮೇಕೆದಾಟು ಅಣೆಕಟ್ಟಿಗಾಗಿ ಪಾದಯಾತ್ರೆ ಹೊರಟಿತು. 'ನಮ್ಮ ನೀರು ನಮ್ಮ ಹಕ್ಕು' ಎಂದು ಕೂಗುತ್ತಾ ಸಾವಿರಾರು ಜನ, ಕೊರೊನಾದ ಮೂರನೇ ಅಲೆಯ ನಡುವೆ. ರಾಮನಗರ ತಲುಪುವ ಹೊತ್ತಿಗೆ ಹೈಕೋರ್ಟು ಕಣ್ಣು ಕೆಂಪಗೆ ಮಾಡಿತು, ಯಾತ್ರೆ ನಾಲ್ಕೈದು ದಿನಕ್ಕೇ ನಿಂತಿತು. ಯಾತ್ರೆ ಹೊರಟ ಪಕ್ಷದವರು ಹೀಗೆ ಗುಂಪು ಸೇರಬಾರದೆಂದು ಇನ್ನೊಂದು ಪಕ್ಷದವರು ಗುಂಪು ಸೇರಿ ಖಂಡಿಸಿದರು. ಹುಳುವಿನ ತಟ್ಟೆಯಲ್ಲಿ ದಟ್ಟಣೆಯಾದರೆ ರೋಗ ಎಂದು ಹೇಳಿದೆನಲ್ಲ, ಆ ಕರಪತ್ರ ರೇಷ್ಮೆ ಇಲಾಖೆಯಲ್ಲಿ ಸಿಗುತ್ತದೆ, ರಾಜಕೀಯ ಪಕ್ಷಗಳ ಕಚೇರಿಯಲ್ಲಿ ಸಿಗುವುದಿಲ್ಲ.

ನೀರು ಬಂದರೆ ಹೇಗೆ ಬರುತ್ತದೆ ಎಂಬುದನ್ನೂ ನೋಡಿದ್ದೇವೆ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಭಕ್ಷಿಕೆರೆ ತುಂಬಿ ಹರಿದು ರಾಮನಗರದ ತಗ್ಗಿನ ಬಡಾವಣೆಗಳು ಮುಳುಗಿದವು, ಹೆದ್ದಾರಿಯೂ ಹೊಳೆಯಾಯಿತು. ಮಳೆ ನಿಂತ ಮೇಲೆ ಜನ ಮನೆಯ ಕೆಸರು ಬಾಚುತ್ತಿದ್ದರೆ ಮುಖಂಡರು ಸಾಲಾಗಿ ಬಂದು, ಪ್ಯಾಂಟು ಮಡಚಿ, ಒಂದೊಂದು ಫೋಟೊ ಆಗಿ ಹೋದರು. 2023ರ ಮಾರ್ಚ್ 12ರಂದು ಪ್ರಧಾನಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟಿಸಿದರು. ವಾರ ಕಳೆಯುವುದರೊಳಗೆ ಒಂದು ಬೇಸಿಗೆ ಮಳೆಗೆ ಸಂಗಬಸವನದೊಡ್ಡಿಯ ಕೆಳಸೇತುವೆ ಹತ್ತಿರ ಕಾರುಗಳು ನೀರಿನಲ್ಲಿ ಸಿಕ್ಕಿಬಿದ್ದವು. ಹೆದ್ದಾರಿ ಪ್ರಾಧಿಕಾರ ತನಿಖೆ ಮಾಡಿ ಕಾರಣ ಹೇಳಿತು: ಮಾದಾಪುರದ ಕಡೆಯ ಹಳ್ಳಿಯವರು ಹೊಲಕ್ಕೆ ಹೋಗಲು ಚರಂಡಿಗೆ ಮಣ್ಣು ಮುಚ್ಚಿ ದಾರಿ ಮಾಡಿಕೊಂಡಿದ್ದಾರೆ. ಸಾವಿರಾರು ಕೋಟಿಯ ರಸ್ತೆಯನ್ನು ನಾಲ್ಕು ಬಾಂಡಲಿ ಮಣ್ಣಿನಿಂದ ಮಣಿಸಿದ ಹಳ್ಳಿ ಅದು. ಅವರಿಗೆ ಹೊಲಕ್ಕೆ ಹೋಗಲು ದಾರಿ ಯಾಕಿರಲಿಲ್ಲ ಎಂದು ಕೇಳುವುದು ತನಿಖೆಯ ವ್ಯಾಪ್ತಿಗೆ ಬಾರದ ವಿಷಯ.

ಚಿಕ್ಕಪ್ಪನನ್ನು ಜಗಲಿಯ ಮೇಲೆ ಬಿಟ್ಟು ಬಹಳ ದೂರ ಬಂದೆ. ಮಾರನೆಯ ದಿನ ಅವನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದರು. ಡೆಂಗಿ. ಪ್ಲೇಟ್‌ಲೆಟ್ ಎಂಬ ಪದ ನಮ್ಮ ಮನೆಗೆ ಅವತ್ತು ಕಾಲಿಟ್ಟಿತು. ಊರಿನ ಪರಂಗಿ ಗಿಡಗಳೆಲ್ಲ ಎಲೆ ಕಳೆದುಕೊಂಡು ಬೋಳಾದವು. ಚಿಕ್ಕಪ್ಪ ಪುಣ್ಯಕ್ಕೆ ಎದ್ದು ಕೂತ. ಅದಾಗಿ ಹತ್ತು ದಿನ ಬಿಟ್ಟು ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಮನೆಗೆ ಬಂದಳು.

"ದೊಡ್ಡವ್ವಾ, ಡ್ರಮ್ಮಲ್ಲಿ ಹುಳ ಅವೆ."

ಚಿಕ್ಕವ್ವ ಗಾಬರಿಯಾಗಿ, "ಯಾವ ಹುಳನಮ್ಮಾ? ನಮ್ಮ ಹುಳ ಗೂಡು ಕಟ್ಟಾಕೆ ಚಂದ್ರಂಕಿಗೆ ಹತ್ತಿ, ಗೂಡು ಬಿಡಿಸಿ, ಮಾರ್ಕೆಟ್ಟಿಗೂ ಹೋದ್ವಲ್ಲ!" ಎಂದಳು.

"ಅದಲ್ಲ ದೊಡ್ಡವ್ವಾ. ಸೊಳ್ಳೆ ಹುಳ."

ನಮ್ಮ ಜಿಲ್ಲೆಯಲ್ಲಿ ಸರ್ಕಾರ ಎಣಿಸುವುದು ಎರಡು ಹುಳ. ಒಂದನ್ನು ಸಾಕಿದರೆ ಸಹಾಯಧನ, ಇನ್ನೊಂದನ್ನು ಸಾಕಿದರೆ ದಂಡ. 2024ರ ಸೆಪ್ಟೆಂಬರಿನಲ್ಲಿ, ಆ ವರ್ಷ ರಾಜ್ಯದಲ್ಲಿ ಡೆಂಗಿ ಕಂಡವರು 25 ಸಾವಿರ ಮುಟ್ಟುವ ಹೊತ್ತಿಗೆ, ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಮನೆಯಲ್ಲಿ ಲಾರ್ವಾ ಸಿಕ್ಕರೆ ಪೇಟೆಯಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ. ಕಟ್ಟುತ್ತಿರುವ ಕಟ್ಟಡ, ಖಾಲಿ ನಿವೇಶನಕ್ಕೆ 2000 ಮತ್ತು 1000. ಹಳ್ಳಿಯ ಸೊಳ್ಳೆ ಅರ್ಧ ಬೆಲೆಗೆ ಕಚ್ಚುತ್ತದೆ.

ಈ ಡೆಂಗಿ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ. ಒಳ್ಳೆಯ ಮನೆತನದ ಸೊಳ್ಳೆ, ನಿಂತ ಶುದ್ಧ ನೀರೇ ಬೇಕು. ಮೊಟ್ಟೆಯಿಂದ ಹಾರುವವರೆಗೆ ಎಂಟು ಹತ್ತು ದಿನ ಸಾಕು, ಬಿಸಿಲು ಹೆಚ್ಚಿದರೆ ಇನ್ನೂ ಬೇಗ. ನಮ್ಮ ಬೀದಿಯ ನಲ್ಲಿಗೆ ನೀರು ಬರುವುದು ವಾರಕ್ಕೊಂದು ಸಲ. ಆ ಬೇಸಿಗೆಯಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷದ ಬಾಲ, ಹತ್ತು ದಿನಕ್ಕೊಮ್ಮೆ. ನಲ್ಲಿಯ ಗಡುವೂ ಸೊಳ್ಳೆಯ ಗಡುವೂ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವುದು ನೋಡಿದರೆ ಇಬ್ಬರೂ ಒಂದೇ ಸಭೆಯಲ್ಲಿ ಕೂತು ತೀರ್ಮಾನಿಸಿದ ಹಾಗಿದೆ. ನೀರು ಬಂದ ದಿನ ಡ್ರಮ್ಮು, ಬಿಂದಿಗೆ, ಹಂಡೆ, ಪೇಂಟಿನ ಡಬ್ಬ, ಒಡೆದ ಮಿಕ್ಸಿಯ ಜಾರು, ಎಲ್ಲದರಲ್ಲೂ ತುಂಬಿಡಬೇಕು. ತುಂಬಿಟ್ಟರೆ ದಂಡ. ತುಂಬಿಡದಿದ್ದರೆ ಬಾಯಾರಿಕೆ. ಡ್ರಮ್ಮಿಗೆ ದಂಡ ಹಾಕುವ ಕಾಯ್ದೆಯಲ್ಲಿ ನಲ್ಲಿಗೆ ದಂಡ ಹಾಕುವ ಕಲಮು ಹುಡುಕಿದೆ. ಮುದ್ರಣದಲ್ಲಿ ಬಿಟ್ಟುಹೋಗಿರಬೇಕು.

ನಮ್ಮ ಜಿಲ್ಲೆಗೂ ನೀರಿನ ಟ್ಯಾಂಕಿಗೂ ಹಳೆಯ ನಂಟು. ರಾಮದೇವರ ಬೆಟ್ಟದ ಬುಡದಲ್ಲಿ ತೆಗೆದ 'ಶೋಲೆ' ಸಿನಿಮಾದಲ್ಲಿ ಕುಡಿದ ನಾಯಕ ಟ್ಯಾಂಕು ಹತ್ತಿ ನಿಂತು ಹಾರುತ್ತೇನೆ ಎಂದು ಹೆದರಿಸುತ್ತಾನೆ. ಊರೆಲ್ಲ ಕೆಳಗೆ ಸೇರುತ್ತದೆ. 1975ರಿಂದ ಇಂದಿನವರೆಗೆ ಯಾರೂ ಆ ಟ್ಯಾಂಕಿನಲ್ಲಿ ನೀರಿತ್ತೇ ಎಂದು ಕೇಳಿಲ್ಲ. ಅದೇ ಬೆಟ್ಟದ ರಣಹದ್ದುಗಳಿಗೆ 2012ರಲ್ಲಿ ಅಭಯಾರಣ್ಯ ಮಾಡಿಕೊಟ್ಟರು. ಸತ್ತ ದನ ತಿಂದು ಊರಿಗೆ ರೋಗ ಹರಡದಂತೆ ನೋಡಿಕೊಂಡ ಮೊದಲ ಆರೋಗ್ಯ ಸಿಬ್ಬಂದಿ ಅವು. ದನಕ್ಕೆ ಕೊಟ್ಟ ನೋವಿನ ಮದ್ದು ಹೊಟ್ಟೆಗೆ ಸೇರಿ ದೇಶದ ಉದ್ದಕ್ಕೂ ಸತ್ತು, ಬೆರಳೆಣಿಕೆಯಷ್ಟು ಉಳಿದ ಮೇಲೆ ಅವುಗಳಿಗೆ ಗೌರವ ಸಿಕ್ಕಿತು. ಬೆರಳೆಣಿಕೆಗೆ ಇಳಿಯುವುದು ಸರ್ಕಾರಿ ಗೌರವದ ಅರ್ಹತಾ ಪರೀಕ್ಷೆ ಇರಬಹುದು. ಆಶಾ ಕಾರ್ಯಕರ್ತೆಯರು ಇನ್ನೂ ಸಾವಿರಗಟ್ಟಲೆ ಇದ್ದಾರೆ. ಆದ್ದರಿಂದ 2025ರ ಜನವರಿಯ ಚಳಿಯಲ್ಲಿ ನಾಲ್ಕು ದಿನ ಬೆಂಗಳೂರಿನ ಫ್ರೀಡಂ ಪಾರ್ಕಿನ ನೆಲದ ಮೇಲೆ ಮಲಗಿ, ತಿಂಗಳಿಗೆ 15 ಸಾವಿರ ಕೊಡಿ ಎಂದು ಕೇಳಬೇಕಾಯಿತು. ನಮ್ಮ ಡ್ರಮ್ಮು ಮಗುಚಿದ ಹುಡುಗಿಯೂ ಹೋಗಿದ್ದಳು. ವಾಪಸು ಬಂದಾಗ ಅವಳಿಗೇ ಜ್ವರ.

ಮಾಗಡಿಯವರು ತಮ್ಮನ್ನು ಬಿಟ್ಟೆ ಎಂದು ಮುನಿಸಿಕೊಳ್ಳಬಾರದು. ಬಿಸಿಲಿಗೆ ಏನು ಮಾಡಬೇಕೆಂದು ಕಾರ್ಯಪಡೆ, ಕ್ರಿಯಾಯೋಜನೆ ಯಾವುದೂ ಇಲ್ಲದ ಕಾಲದಲ್ಲೇ ಗೊತ್ತು ಮಾಡಿಕೊಂಡವರು ಮಾಗಡಿ ತಾಲ್ಲೂಕಿನ ಹುಲಿಕಲ್‌ನವರು. ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ 385 ಆಲದ ಮರ ಬೆಳೆಸಿದರು. ಕೂಲಿ ಮಾಡುತ್ತಿದ್ದ ಹೆಂಗಸು, ಶಾಲೆಗೆ ಹೋದವರಲ್ಲ, ಆದ್ದರಿಂದ ಮೊದಲು ನೆರಳು ಬೇಕು ಎಂಬಷ್ಟು ತಿಳಿದಿತ್ತು. 2019ರಲ್ಲಿ ಪದ್ಮಶ್ರೀ ಕೊಟ್ಟೆವು. ಅದೇ ವರ್ಷ ಆ ಮರಗಳಿರುವ ರಸ್ತೆಯನ್ನು ಅಗಲ ಮಾಡುವ ಮಾತು ಬಂತು. ನೂರು ದಾಟಿದ ಮುದುಕಿ ಮುಖ್ಯಮಂತ್ರಿಯ ಹತ್ತಿರ ಹೋಗಿ ಮರ ಉಳಿಸಿ ಎಂದು ಕೇಳಬೇಕಾಯಿತು. ಪ್ರಶಸ್ತಿಯ ಹಾಳೆಯ ಮೇಲೆ ಇದ್ದದ್ದು ಅದೇ ಮರ ಎಂದು ಲೋಕೋಪಯೋಗಿಗಳಿಗೆ ಹೊಳೆದಿರಲಿಲ್ಲ. ಗಂಡನ ನೆನಪಿಗೆ ಊರಿನಲ್ಲಿ ಒಂದು ಆಸ್ಪತ್ರೆ ಕಟ್ಟಬೇಕು ಎಂಬುದು ಆ ತಾಯಿಯ ಆಸೆಯಾಗಿತ್ತು. ಹವಾಮಾನವೂ ಆರೋಗ್ಯವೂ ಒಂದೇ ವಿಷಯ ಎಂದು ವಿಶ್ವಸಂಸ್ಥೆಯವರು ವರದಿ ಬರೆದು ಹೇಳಿದ್ದನ್ನು ಆಕೆ ಮರ ನೆಟ್ಟು, ಆಸ್ಪತ್ರೆ ಕೇಳಿ ಮುಗಿಸಿದ್ದರು. 2025ರ ನವೆಂಬರ್ 14ರಂದು, 114ರ ವಯಸ್ಸಿನಲ್ಲಿ ತೀರಿಕೊಂಡಾಗ ಎಲ್ಲ ಪಕ್ಷದವರೂ ಕಂಬನಿ ಮಿಡಿದರು. ಕಂಬನಿಗೆ ಜಾಗ ಬೇಕಿಲ್ಲ, ಟೆಂಡರ್ ಬೇಕಿಲ್ಲ.

ಇಷ್ಟೆಲ್ಲ ಯೋಚಿಸಿ ನಾನೊಂದು ಅರ್ಜಿ ಬರೆದೆ. ಮಾನ್ಯರೇ, ಈ ಜಿಲ್ಲೆಯ ಸಮಸ್ತ ನಿವಾಸಿಗಳನ್ನು ಇನ್ನು ಮುಂದೆ ರೇಷ್ಮೆ ಹುಳು ಎಂದು ಪರಿಗಣಿಸಬೇಕಾಗಿ ಪ್ರಾರ್ಥನೆ. ಹಾಗೆ ಪರಿಗಣಿಸಿದಲ್ಲಿ ನಮಗೆ 25 ಡಿಗ್ರಿಯ ಮನೆ, ಕಿಟಕಿಗೆ ಬಲೆ, ಚಾವಣಿಗೆ ಗರಿ, ತಟ್ಟೆಗೆ ಇಷ್ಟೇ ಜನ ಎಂಬ ನಿಯಮ, ಹುಟ್ಟುವ ಮೊದಲೇ ತಾಯಿಯ ತಪಾಸಣೆ (ಅರೆಯುವುದೊಂದನ್ನು ಬಿಟ್ಟು), ಜ್ವರ ಬಂದಾಗ ಯಾರೂ ಅಲುಗಾಡಿಸದ ವಿಶ್ರಾಂತಿ ಸಿಗುವುದು. ಈಗಾಗಲೇ ಮೂರು ಸಲ ಪೊರೆ ಬಿಟ್ಟಿರುವುದರಿಂದ ನಾವು ನಾಲ್ಕನೇ ಹಂತಕ್ಕೆ ಅರ್ಹರು. ರಾಜ್ಯದಲ್ಲಿ ಇಷ್ಟೊಂದು ಭಾಗ್ಯಗಳಿವೆ, ಹುಳು ಭಾಗ್ಯ ಒಂದನ್ನು ಸೇರಿಸಿದರೆ ಖಜಾನೆಗೆ ಭಾರವಾಗಲಾರದು. ಪ್ರತಿಗಳು: ಆರೋಗ್ಯ ಇಲಾಖೆ, ರೇಷ್ಮೆ ಇಲಾಖೆ, ನೋಡಲ್.

ಬರೆದು, ಆ ಸಲದ ಬೆಳೆಯ ಹುಳ ಹಣ್ಣಾಗಿದ್ದ ದಿನ ಹುಳದ ಮನೆಗೆ ತೆಗೆದುಕೊಂಡು ಹೋದೆ. ಚಿಕ್ಕವ್ವ ಅರೆ ಪಾರದರ್ಶಕವಾದ ಹಳದಿ ಹುಳುಗಳನ್ನು ಆರಿಸಿ ಚಂದ್ರಂಕಿಗೆ ಬಿಡುತ್ತಿದ್ದಳು. ಕೆಲಸ ನಿಲ್ಲಿಸದೆ ಕೇಳಿದಳು, "ಏನ್ಲಾ ಅದು, ಓದು."

ಓದಿದೆ. ಪೂರ್ತಿ ಕೇಳಿಸಿಕೊಂಡಳು. ಚಿಕ್ಕಪ್ಪ ಹೊಸ್ತಿಲಾಚೆ ಕೂತು ನಗುತ್ತಿದ್ದ.

"ಚಂದಾಗೈತೆ. ಗೂಡು ಕಟ್ಟಿದ್ ಮ್ಯಾಕೆ ಏನ್ ಮಾಡ್ತಾರೆ ಅನ್ನೋದ ಬರೆದಿಯಾ?"

"ಏನ್ ಮಾಡ್ತಾರೆ?"

"ರಾಮನಗರಕ್ಕೆ ತಕೊಂಡೋಗಿ ಬೇಯಿಸ್ತಾರಲ್ಲಪ್ಪಾ."

ನಾನು ಸುಮ್ಮನಾದೆ. ಅಷ್ಟು ಮುಚ್ಚಟೆ ಯಾತಕ್ಕೆಂದು ನನಗೂ ಗೊತ್ತಿತ್ತು, ಅರ್ಜಿಯ ಹುರುಪಿನಲ್ಲಿ ಮರೆತಿದ್ದೆ.

"ನಮ್ಮನ್ನ ಬೇಯಿಸೋದು ಆಗ್ಲೇ ನಡೀತಾ ಅದೆ. ಮುಂಚೆ ಕೊಡ್ಬೇಕಾದ್ದು ಕೊಡ್ಲಿಲ್ಲ ಅಷ್ಟೆಯ," ಎಂದು ಹೊಸ್ತಿಲಾಚೆಯಿಂದ ಚಿಕ್ಕಪ್ಪ ಹೇಳಿದ.

ಚಿಕ್ಕವ್ವ ಕೈ ಚಾಚಿದಳು. "ಎಷ್ಟು ಹಾಳೆ ಅವೆ?"

"ಮೂರು ಪ್ರತಿ. ಒಂದೊಂದರಲ್ಲಿ ನಾಲ್ಕು."

"ಕೊಡಿಲ್ಲಿ. ಪೇಪರ್ ಸಾಲ್ದು ಅಂತಿದ್ದೆ."

ಹಣ್ಣು ಹುಳು ಗೂಡು ಕಟ್ಟುವ ಮುಂಚೆ ಒಂದು ಸಲ ಉಚ್ಚೆ ಹೊಯ್ಯುತ್ತದೆ. ತೇವ ನಿಂತರೆ ಗೂಡು ಕೆಡುತ್ತದೆ ಎಂದು ಚಂದ್ರಂಕಿಯ ಕೆಳಗೆ ಹಳೆಯ ಕಾಗದ ಹಾಸುವುದು ರೂಢಿ. ಚಿಕ್ಕವ್ವ ಹನ್ನೆರಡೂ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ, ಸುಕ್ಕಿಲ್ಲದಂತೆ ಹಾಸಿದಳು.